ರಿಮ್ ಇದ್ದಷ್ಟೇ ಟೈರು

ನಮ್ಮ ಬಳಗದಲ್ಲಿ ಯಾರೂ ಪೋರ್ಷೆ ಕಾರು ಓಡಿಸಿದವರಲ್ಲ. ಆದರೆ ಬೈಕಿನ ಹಿಂದಿನ ಚಕ್ರಕ್ಕೆ ದಪ್ಪ ಟೈರು ಹಾಕಿಸಲು ಪಂಕ್ಚರ್ ಅಂಗಡಿ ಮುಂದೆ ನಿಂತ ಹುಡುಗರನ್ನು ನಾವೆಲ್ಲ ನೋಡಿದ್ದೇವೆ. ಅಗಲ ಜಾಸ್ತಿಯಾದರೆ ಹಿಡಿತ ಜಾಸ್ತಿ ಎಂಬುದು ಅವರ ಲೆಕ್ಕ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಜೋಪಾನ ಮಾಡುವ ಅನೇಕರ ಆಸೆಯೂ ಇದೇ. ಕಾರಿನ ಜೊತೆ ಬಂದ ಮೂಲ ಚಕ್ರ ಹಾಗೇ ಇರಬೇಕು, ಟೈರು ಮಾತ್ರ ಇನ್ನಷ್ಟು ಅಗಲವಾಗಬೇಕು. ಇದು ಎಷ್ಟರಮಟ್ಟಿಗೆ ನಡೆಯುತ್ತದೆ? ಪೋರ್ಷೆ 911 ಕಾರಿನ ಮೊದಲ ಹತ್ತು ವರ್ಷಗಳ ಕಥೆಯಲ್ಲಿ ಇದಕ್ಕೆ ಉತ್ತರವಿದೆ.

1963ರಲ್ಲಿ ಫ್ರಾಂಕ್‌ಫರ್ಟಿನ ಮೋಟಾರು ಪ್ರದರ್ಶನದಲ್ಲಿ ಈ ಕಾರು 901 ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತನ್ನವು ಎಂದು ಫ್ರಾನ್ಸಿನ ಪೂಜೋ ಕಂಪನಿ ತಕರಾರು ತೆಗೆದಿದ್ದರಿಂದ ಮರುವರ್ಷ 911 ಆಯಿತು. ಎಂಜಿನ್ 2 ಲೀಟರಿನದು, 6 ಸಿಲಿಂಡರಿನದು, ಶಕ್ತಿ 130 ಅಶ್ವಶಕ್ತಿ. ಇಷ್ಟು ಓಟದ ಕಾರಿಗೆ ಕೊಟ್ಟ ಚಕ್ರ ಮಾತ್ರ ತೆಳ್ಳಗಿನದು: 15 ಇಂಚು ವ್ಯಾಸ, 4.5 ಇಂಚು ಅಗಲದ ಉಕ್ಕಿನ ರಿಮ್. ಅದರ ಮೇಲೆ 165 ಮಿಲಿಮೀಟರ್ ಅಗಲದ ಟೈರು. ಇವತ್ತು ಸಣ್ಣ ಸಂಸಾರದ ಕಾರುಗಳಿಗೆ ಇರುವುದೂ ಹೆಚ್ಚುಕಡಿಮೆ ಅಷ್ಟೇ ಅಗಲ.

ಅಷ್ಟು ಸಾಕು ಎನಿಸಲು ಕಾರಣ ರೇಡಿಯಲ್ ಟೈರು. ಮಿಶಲಿನ್ ಕಂಪನಿ 1946ರಲ್ಲಿ ಇದಕ್ಕೆ ಪೇಟೆಂಟ್ ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದಿತ್ತು. ಹಳೆಯ ಟೈರುಗಳಲ್ಲಿ ಒಳಗಿನ ನೂಲುಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತಿದ್ದವು. ರೇಡಿಯಲ್‌ನಲ್ಲಿ ಅವು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಬರುತ್ತವೆ, ಮೇಲೆ ಗಟ್ಟಿ ಪಟ್ಟಿ ಸುತ್ತಿರುತ್ತದೆ. ತಿರುವಿನಲ್ಲಿ ಟೈರಿನ ಪಕ್ಕ ಬಾಗಿದರೂ ರಸ್ತೆಗೆ ತಾಗುವ ಭಾಗ ಚಪ್ಪಟೆಯಾಗಿಯೇ ನಿಲ್ಲುತ್ತದೆ.

ಆದರೂ ತೊಂದರೆ ಬಂತು. 911ರ ಎಂಜಿನ್ ಇರುವುದು ಹಿಂದಿನ ಅಚ್ಚಿನಿಂದಲೂ ಹಿಂದೆ. ತಿರುವಿನ ನಡುವೆ ಚಾಲಕ ಹೆದರಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಬಾಲ ಹೊರಕ್ಕೆ ಎಸೆಯುತ್ತಿತ್ತು. ಇದನ್ನು ತಡೆಯಲು ಮುಂದಿನ ಬಂಪರಿನ ಎರಡು ಮೂಲೆಗೂ ಸುಮಾರು 11 ಕಿಲೋ ತೂಕದ ಕಬ್ಬಿಣದ ತುಂಡುಗಳನ್ನು ಕೂರಿಸಿದರು! ಅದು ತೇಪೆ ಕೆಲಸ ಎಂಬುದು ಅವರಿಗೂ ಗೊತ್ತಿತ್ತು.

ಆಮೇಲಿನ ಬದಲಾವಣೆಗಳ ಕ್ರಮ ನೋಡಿ. 1967ರ ಮಾದರಿಯಾಗಿ 160 ಅಶ್ವಶಕ್ತಿಯ 911 ಎಸ್ ಬಂತು. ಅದಕ್ಕೆ ಫುಕ್ಸ್ ಕಂಪನಿ ಅಲ್ಯೂಮಿನಿಯಂ ಬಡಿದು ಮಾಡಿದ, ಐದು ಎಸಳಿನ ಹಗುರ ಚಕ್ರ. ಇವತ್ತಿಗೂ 911 ಎಂದರೆ ಹಲವರ ಕಣ್ಣಿಗೆ ಬರುವ ಚಕ್ರ ಅದೇ. ಅದೂ ಮೊದಲು 4.5 ಇಂಚಿನದೇ. 1968ರ ಮಾದರಿಯಲ್ಲಿ ರಿಮ್ 5.5 ಇಂಚಾಯಿತು, ಟೈರು 165ರಲ್ಲೇ ಉಳಿಯಿತು. 1969ರ ಮಾದರಿಯ ಎಸ್‌ಗೆ 6 ಇಂಚಿನ ರಿಮ್, ಜೊತೆಗೆ 185/70 ಟೈರು. ಅದೇ ವರ್ಷ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನೂ 57 ಮಿಲಿಮೀಟರ್ ಹೆಚ್ಚಿಸಿ, ಮುಂಭಾಗದ ಎರಡು ಮೂಲೆಗಳಲ್ಲಿ ಒಂದೊಂದು ಬ್ಯಾಟರಿ ಇಟ್ಟರು. ಸತ್ತ ಕಬ್ಬಿಣದ ಬದಲು ಕೆಲಸಕ್ಕೆ ಬರುವ ಭಾರ!

ಅಂದರೆ ಮೊದಲು ರಿಮ್ ಅಗಲವಾಯಿತು, ಟೈರು ಅದರ ಹಿಂದೆ ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ಅದರ ಎರಡೂ ಪಕ್ಕ ಒಳಕ್ಕೆ ಒತ್ತಿಕೊಳ್ಳುತ್ತದೆ, ನಡುಭಾಗ ಉಬ್ಬಿ ಬೇಗ ಸವೆಯುತ್ತದೆ, ತಿರುವಿನಲ್ಲಿ ಟೈರು ಪಕ್ಕಕ್ಕೆ ಓಲಾಡುತ್ತದೆ. ಹಿಡಿತ ಬೇಕೆಂದು ಖರ್ಚು ಮಾಡಿದವರಿಗೆ ಸಿಗುವುದು ಸ್ಟಿಯರಿಂಗ್ ಭಾರ. ಆ ಕಾರುಗಳಲ್ಲಿ ಪವರ್ ಸ್ಟಿಯರಿಂಗೂ ಇರಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಕಾರಿನ ಭಾರ ಮತ್ತು ಗಾಳಿಯ ಒತ್ತಡ ಅಷ್ಟೇ ಇದ್ದರೆ, ಅಗಲದ ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚೇನೂ ದೊಡ್ಡದಾಗುವುದಿಲ್ಲ. ಅದರ ಆಕಾರ ಬದಲಾಗುತ್ತದೆ: ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಇದರಿಂದ ಲಾಭ. ಮಳೆ ನೀರು ನಿಂತ ರಸ್ತೆಯಲ್ಲಿ ಇದೇ ಟೈರು ನೀರಿನ ಮೇಲೆ ಬೇಗ ತೇಲುತ್ತದೆ.

ಎತ್ತರದ ಲೆಕ್ಕವೂ ಉಂಟು. 185/70 ಎಂದರೆ ಟೈರಿನ ಪಕ್ಕದ ಎತ್ತರ ಅಗಲದ ನೂರಕ್ಕೆ 70 ಪಾಲು. ಹಳೆಯ 165ರಲ್ಲಿ ಅದು ಸುಮಾರು 80 ಪಾಲು. ಹಾಗಾಗಿ ಮೊದಲಿನ ಟೈರಿನ ಪೂರ್ತಿ ವ್ಯಾಸ ಸುಮಾರು 645 ಮಿಲಿಮೀಟರ್, ಎರಡನೆಯದರದು 640. ಗೇರು, ಸ್ಪೀಡೋಮೀಟರು ಎಲ್ಲವೂ ಮೊದಲಿನಂತೆಯೇ. ಅದೇ ಜಾಗಕ್ಕೆ 185/60 ಹಾಕಿದರೆ ವ್ಯಾಸ 603ಕ್ಕೆ ಇಳಿಯುತ್ತದೆ. ಮುಳ್ಳು 100 ತೋರಿಸುವಾಗ ಕಾರು ಓಡುವುದು 93ರ ಆಸುಪಾಸು.

1972ರ ಕೊನೆಗೆ ಬಂದ ಕರೇರಾ ಆರ್‌ಎಸ್ ಮಾದರಿಗೆ ಹಿಂದೆ 215/60 ಟೈರು ಬೇಕಾಯಿತು. ಪೋರ್ಷೆ ಅದನ್ನು 6 ಇಂಚಿನ ಚಕ್ರಕ್ಕೆ ತುರುಕಲಿಲ್ಲ. ಹಿಂದಕ್ಕೆ 7 ಇಂಚಿನ ರಿಮ್ ಮಾಡಿಸಿತು, ಅದು ಒಳಗೆ ಕೂರಲು ಹಿಂದಿನ ಮಡ್‌ಗಾರ್ಡನ್ನೇ ಉಬ್ಬಿಸಿತು. ಮುಂದಿನ ಚಕ್ರಕ್ಕೆ ಹಳೆಯ 6 ಇಂಚು, 185/70 ಸಾಕಾಯಿತು.

ಹಾಗಾದರೆ 4.5 ಇಂಚಿನ ಮೂಲ ಚಕ್ರ ಉಳಿಸಿಕೊಂಡವರು ಏನು ಹಾಕಬೇಕು? 165 ಅದಕ್ಕೆ ಹೊಂದುವ ಅಳತೆ. 185/70 ಹಾಕಬಹುದು, ಆದರೆ ಅಲ್ಲಿಗೆ ಮಿತಿ ಮುಗಿಯಿತು. 195/65ಕ್ಕೆ ಕನಿಷ್ಠ 5.5 ಇಂಚಿನ ರಿಮ್ ಬೇಕು. ಇವತ್ತಿನ ಕಾರುಗಳಿಗೆ ಈ ಹಳೆಯ ಅಳತೆಗಳು ಬೇಡವಾಗಿವೆ ನಿಜ, ಆದರೆ ಪಿರೆಲ್ಲಿ, ಮಿಶಲಿನ್ ಕಂಪನಿಗಳು ಹಳೆಯ ಕಾರುಗಳಿಗೆಂದೇ ಹಳೆಯ ವಿನ್ಯಾಸದ ಟೈರುಗಳನ್ನು ಹೊಸ ರಬ್ಬರಿನಲ್ಲಿ ಮಾಡುತ್ತವೆ. ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಬೇಕು. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ವರ್ಷವೆಲ್ಲ ಶೆಡ್ಡಿನಲ್ಲೇ ನಿಲ್ಲುವ ಕಾರಿನ ಟೈರು ಸವೆಯುವುದಿಲ್ಲ, ಗಟ್ಟಿಯಾಗುತ್ತದೆ. ಹಲ್ಲು ಹೊಸದರಂತೆ ಕಂಡರೂ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಮೋಸ ಮಾಡುತ್ತದೆ. ಹದಿನೈದು ವರ್ಷದ ಅಗಲದ ಟೈರಿಗಿಂತ ಈ ವರ್ಷದ ಕಿರಿದಾದ ಟೈರೇ ಲೇಸು.

ಹಳೆಯದನ್ನು ಹಾಗೇ ಉಳಿಸಬೇಕೆಂಬ ಹಟ ನಮಗೆ ಅರ್ಥವಾಗುತ್ತದೆ, ಸುರಕ್ಷಿತವಾಗಿ ಓಡಿಸಬೇಕೆಂಬ ಚಿಂತೆಯೂ ಅರ್ಥವಾಗುತ್ತದೆ. ಇವೆರಡಕ್ಕೂ ಜಗಳವಿದೆ ಎಂದು ನಾವೂ ಅಂದುಕೊಂಡಿದ್ದೆವು. ಈ ಚರಿತ್ರೆ ಓದಿದ ಮೇಲೆ ಹಾಗನ್ನಿಸುವುದಿಲ್ಲ. ಕಾರ್ಖಾನೆಯವರೇ ಮನಸ್ಸು ಬದಲಿಸುತ್ತ ಹೋಗಿದ್ದಾರೆ, ಆದರೆ ಟೈರೊಂದನ್ನೇ ಎಂದೂ ಬದಲಿಸಲಿಲ್ಲ. ಪಂಕ್ಚರ್ ಅಂಗಡಿ ಮುಂದೆ ನಿಂತ ನಮ್ಮ ಹುಡುಗರಿಗೂ ಹೇಳುವುದಿಷ್ಟೇ: ಟೈರಿನ ರೇಟು ಕೇಳುವ ಮೊದಲು ರಿಮ್ಮಿನ ಅಗಲ ಕೇಳಿ.