ಶೀಶೆಯ ಮೇಲಿನ ಚೀಟಿ

ರಾತ್ರಿಯಿಡೀ ಅಳುವ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡಿದ ತಾಯಿಗೆ ನಿದ್ದೆಯ ಬೆಲೆ ಗೊತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸುತ್ತಿದ್ದ ಔಷಧ ವ್ಯಾಪಾರಿಗಳೂ ಆ ದಣಿವನ್ನು ಚೆನ್ನಾಗಿ ಬಲ್ಲವರಾಗಿದ್ದರು.

‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ 1849ರಿಂದಲೇ ಮಾರಾಟದಲ್ಲಿತ್ತು. ಹಲ್ಲು ಮೂಡುವಾಗಿನ ಅಳುವನ್ನು ಅದು ಶಮನ ಮಾಡುವುದೆಂಬ ಭರವಸೆಯ ಜೊತೆಗೆ ತಾಯಿ-ಮಕ್ಕಳ ಮುದ್ದಾದ ಚಿತ್ರವೂ ಇರುತ್ತಿತ್ತು. ಮಗು ಸುಮ್ಮನಾಗುತ್ತಿದ್ದುದು ನಿಜ. ಆದರೆ ಅದಕ್ಕೆ ಕಾರಣ, ಅಫೀಮಿನಿಂದ ತೆಗೆದ ಮಾರ್ಫಿನ್. ಕೆಲವು ಕೂಸುಗಳು ಮತ್ತೆ ಕಣ್ಣು ತೆರೆಯಲೇ ಇಲ್ಲ.

ಸ್ತ್ರೀಯರ ಕಾಯಿಲೆಗಳಿಗೆಂದು ಮಾರುತ್ತಿದ್ದ ಲಿಡಿಯಾ ಪಿಂಕ್‌ಹ್ಯಾಮ್ ಅವರ ಔಷಧದಲ್ಲಿ ಮದ್ಯಸಾರವಿತ್ತು. ಸಲಹೆಗಾಗಿ ಶ್ರೀಮತಿ ಪಿಂಕ್‌ಹ್ಯಾಮ್ ಅವರಿಗೇ ಪತ್ರ ಬರೆಯಿರೆಂದು ಜಾಹೀರಾತು ಕರೆಯುತ್ತಿತ್ತು. ಲಿಡಿಯಾ 1883ರಲ್ಲಿಯೇ ತೀರಿಕೊಂಡಿದ್ದರು! 1905ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಸಂಪಾದಕ ಎಡ್ವರ್ಡ್ ಬಾಕ್ ಅವರ ಸಮಾಧಿಯ ಕಲ್ಲಿನ ಛಾಯಾಚಿತ್ರವನ್ನೇ ಅಚ್ಚು ಹಾಕಿದರು. ಇಂಥ ಔಷಧಗಳ ಜಾಹೀರಾತಿನ ಹಣ ಬೇಡವೆಂದು ಆ ಪತ್ರಿಕೆ 1892ರಲ್ಲಿಯೇ ನಿರ್ಧರಿಸಿತ್ತು.

1906ರಲ್ಲಿ ಶುದ್ಧ ಆಹಾರ ಮತ್ತು ಔಷಧ ಕಾಯಿದೆ ಬಂತು. ಅದು ಮಾರ್ಫಿನನ್ನು ನಿಷೇಧಿಸಲಿಲ್ಲ. ಮದ್ಯಸಾರ, ಅಫೀಮು, ಮಾರ್ಫಿನ್, ಕೊಕೇನ್‌ಗಳು ಇದ್ದರೆ ಅವುಗಳ ಪ್ರಮಾಣವನ್ನು ಶೀಶೆಯ ಚೀಟಿಯಲ್ಲಿ ನಮೂದಿಸಬೇಕೆಂದು ವಿಧಿಸಿತು, ಅಷ್ಟೇ. ಆದರೂ ತಾಯಿಗೆ ಅದುವರೆಗೆ ಮುಚ್ಚಿಟ್ಟಿದ್ದ ಸಂಗತಿ ಅವಳ ಕೈಗೇ ಬಂತು.

ಆ ತಾಯಂದಿರು ಕಠಿಣ ಹೃದಯದವರಲ್ಲ. ಪ್ರೀತಿಯಿಂದಲೇ ಮಗುವಿನ ಬಾಯಿಗೆ ಚಮಚ ಹಿಡಿದವರು. ಅವರ ಪ್ರೀತಿಗೆ ಕೊರತೆಯಿರಲಿಲ್ಲ, ಅವರಿಗೆ ಸತ್ಯವನ್ನು ಹೇಳುವವರ ಕೊರತೆಯಿತ್ತು. ಇಂದು ಮಗುವಿಗೆ ಔಷಧ ಕುಡಿಸುವ ಮುನ್ನ ಚೀಟಿ ಓದುವ ಆ ಒಂದು ನಿಮಿಷದಲ್ಲಿ ಅವರನ್ನೂ ನೆನೆಯೋಣ.