ಪಡಸಾಲೆಗೊಂದು, ಅಡುಗೆಮನೆಗೊಂದು

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದ ಕೂಡಲೇ ನಮ್ಮ ಚರಿತ್ರೆಯ ಪುಸ್ತಕಗಳಿಗೆ ನೆನಪಾಗುವುದು 1824ರ ಬಂಡಾಯ, ರಾಣಿ ಚೆನ್ನಮ್ಮನ ಸಮಾಧಿ, ಎಲ್ಲಮ್ಮನ ಗುಡ್ಡ, ಸಂಸ್ಥಾನಿಕರ ಆಳ್ವಿಕೆ. ಈ ಊರುಗಳ ಜನ ಮನೆಯೊಳಗೆ ಏನನ್ನು ಕೇಳಿದರು, ಯಾವುದರಲ್ಲಿ ಕೇಳಿದರು, ಯಾರ ಪಾಲಿಗೆ ಎಷ್ಟು ಬಂತು ಎಂಬ ಪ್ರಶ್ನೆಗಳಿಗೆ ಆ ಪುಸ್ತಕಗಳಲ್ಲಿ ಜಾಗವಿಲ್ಲ. ಕಪಾಟಿನ ಮೇಲೆ ಧೂಳು ಹಿಡಿದು ಕೂತ ಎರಡು ಸ್ಪೀಕರ್ ಪೆಟ್ಟಿಗೆಗಳಿಗೂ ಒಂದು ಚರಿತ್ರೆಯಿದೆ. ಅವುಗಳನ್ನು ಎಲ್ಲಿ ಇಟ್ಟರು, ಹೇಗೆ ಜೋಡಿಸಿದರು ಎಂಬುದನ್ನು ನೋಡಿದರೆ ಮನೆಯೊಳಗಿನ ಸಂಬಂಧಗಳೂ ಕಾಣುತ್ತವೆ.

ಯಂತ್ರ ಬರುವ ಮೊದಲು ಇಲ್ಲಿ ಹಾಡು ಬಯಲಿನದಾಗಿತ್ತು. ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರಂಥ ಕಂಪನಿ ನಾಟಕದ ನಟರು ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಕಂಠವನ್ನು ಪಳಗಿಸಿಕೊಳ್ಳಬೇಕಿತ್ತು. ಮುರಗೋಡದ ಹುಕ್ಕೇರಿ ಬಾಳಪ್ಪನವರು ಜನಪದ ಹಾಡನ್ನೂ ಕವಿಗಳ ಪದ್ಯಗಳನ್ನೂ ಸಭೆಗಳಿಗೆ ಮುಟ್ಟಿಸಿದವರು. ಗೀಗೀ ಮೇಳದಲ್ಲಿ ದಪ್ಪು ಹಿಡಿದವನು ಮುಂದೆ, ತುಂತುಣಿ ಮತ್ತು ತಾಳದವರು ಹಿಂದೆ. ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರ ಚೌಡಿಕೆ. ಮೊಹರಂ ಬಂದರೆ ಹಿಂದೂಗಳೂ ಮುಸ್ಲಿಮರೂ ಕೂಡಿ ಹಾಡುವ ರಿವಾಯತ್ ಪದ. ಇವುಗಳಲ್ಲೆಲ್ಲ ಕೇಳುಗನಿಗೆ ದನಿಯ ಜೊತೆಗೆ ಅದು ಬಂದ ದಿಕ್ಕೂ ತಿಳಿಯುತ್ತಿತ್ತು. ದಪ್ಪು ಎತ್ತ ಇದೆ, ಸೊಲ್ಲು ಎತ್ತುವವರು ಎತ್ತ ನಿಂತಿದ್ದಾರೆ ಎಂಬುದನ್ನು ಕಣ್ಣು ಮುಚ್ಚಿಯೂ ಹೇಳಬಹುದಿತ್ತು. ನಮಗಿರುವ ಎರಡು ಕಿವಿಗಳ ಕೆಲಸವೇ ಅದು. ಬಲಗಡೆಯ ಸದ್ದು ಬಲಗಿವಿಗೆ ಒಂದಿಷ್ಟು ಮೊದಲು, ಒಂದಿಷ್ಟು ಜೋರಾಗಿ ಮುಟ್ಟುತ್ತದೆ. ಆ ಸಣ್ಣ ವ್ಯತ್ಯಾಸದಿಂದ ಮೆದುಳು ದಿಕ್ಕನ್ನು ಲೆಕ್ಕ ಹಾಕುತ್ತದೆ.

ಯಂತ್ರ ಬಂದಾಗ ಮೊದಲು ಕಳೆದುಹೋದದ್ದು ಈ ದಿಕ್ಕು. ಗ್ರಾಮಫೋನಿಗೆ ಇದ್ದದ್ದು ಒಂದೇ ಕೊಂಬು. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ಕಂಠ ತಟ್ಟೆಗಿಳಿದಾಗ ಗಾಯಕಿ, ತಬಲಾ, ಸಾರಂಗಿ ಎಲ್ಲವೂ ಒಂದೇ ಗೆರೆಯಲ್ಲಿ ಬೆರೆತವು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ರೇಡಿಯೊದ ದನಿಯೂ ಹಾಗೆಯೇ ಒಂದೇ ಬಾಯಿಯಿಂದ ಬಂತು. ಜಾತ್ರೆ, ಮದುವೆ, ಉರೂಸು, ಚುನಾವಣೆಗಳ ಮೈಕ್‌ಸೆಟ್ಟಿನಲ್ಲಿ ನಾಲ್ಕು ಹಾರ್ನ್ ಕಟ್ಟಿದರೂ ನಾಲ್ಕರಲ್ಲಿಯೂ ಒಂದೇ ದನಿ. ಇದಕ್ಕೆ ಮೊನೊ ಎನ್ನುತ್ತಾರೆ. ದಿಕ್ಕು ಹೋದರೂ ಮೊನೊದಲ್ಲಿ ಒಂದು ಸಮಾನತೆ ಇತ್ತು. ಹಾರ್ನಿನ ಕೆಳಗೆ ನಿಂತವನಿಗೂ ದೂರದ ಹೊಲದಲ್ಲಿ ಕಳೆ ಕೀಳುವವಳಿಗೂ ಸಿಗುವುದು ಇಡೀ ಹಾಡೇ. ಒಬ್ಬರಿಗೆ ಜೋರು, ಇನ್ನೊಬ್ಬರಿಗೆ ಮೆಲ್ಲಗೆ, ಅಷ್ಟೇ.

ಬಡವರ ಮನೆಗೆ ಸ್ಪೀಕರ್ ಬಂದ ಬಗೆಯನ್ನೂ ಇಲ್ಲಿ ಹೇಳಬೇಕು. ಪೆಟ್ಟಿಗೆ ಕೊಳ್ಳಲಾಗದವರು ಬರಿಯ ಸ್ಪೀಕರನ್ನು ತಂದು ಮಣ್ಣಿನ ಗಡಿಗೆಯ ಬಾಯಿಗೆ ಕೂಡಿಸುತ್ತಿದ್ದರು. ಇದು ಬರೀ ಅಗ್ಗದ ಉಪಾಯವಲ್ಲ. ಸ್ಪೀಕರಿನ ಕಾಗದದ ಪೊರೆ ಮುಂದಕ್ಕೆ ಗಾಳಿಯನ್ನು ತಳ್ಳಿದಾಗ ಹಿಂದುಗಡೆ ಎಳೆಯುತ್ತದೆ. ಬರಿಯ ಸ್ಪೀಕರಿನಲ್ಲಿ ಹಿಂದಿನ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ನುಂಗುತ್ತದೆ. ಮೊದಲು ಸಾಯುವುದು ದಪ್ಪ ದನಿ. ಗಡಿಗೆ ಹಿಂದಿನ ಅಲೆಯನ್ನು ಒಳಗೇ ಹಿಡಿದಿಡುತ್ತದೆ. ಕಾರ್ಖಾನೆಯ ಮರದ ಪೆಟ್ಟಿಗೆ ಮಾಡುವ ಕೆಲಸವೂ ಮೂಲತಃ ಅದೇ. ಭೌತಶಾಸ್ತ್ರ ಓದದ ಕೈಗಳು ಕುಂಬಾರನ ಗಡಿಗೆಯಲ್ಲಿ ಅದನ್ನು ಕಂಡುಕೊಂಡವು.

ಕಳೆದುಹೋದ ದಿಕ್ಕನ್ನು ಮರಳಿ ತರುವ ಯತ್ನವೇ ಸ್ಟೀರಿಯೊ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದರು. ಸಿನಿಮಾದಲ್ಲಿ ನಟ ಪರದೆಯ ಒಂದು ತುದಿಗೆ ನಡೆದರೂ ದನಿ ಮಾತ್ರ ಬೇರೆ ಕಡೆಯಿಂದ ಬರುವುದು ಅವರನ್ನು ಕಾಡಿತ್ತಂತೆ. ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಅದನ್ನು ಹಳ್ಳಿಗಳವರೆಗೆ ಒಯ್ದಿತು. ನಮ್ಮಲ್ಲಿ 1980ರ ದಶಕ ಕ್ಯಾಸೆಟ್ಟಿನ ದಶಕ. ಸಂತೆಪೇಟೆಯ ಅಂಗಡಿಗಳಲ್ಲಿ ಸಿನಿಮಾ ಹಾಡು, ಭಜನೆ, ಕವ್ವಾಲಿ, ಶಿಶುನಾಳ ಶರೀಫರ ತತ್ವಪದ ಒಂದೇ ಸಾಲಿನಲ್ಲಿ ಕೂತವು. ಟೇಪ್‌ರೆಕಾರ್ಡರಿನ ಜೊತೆಗೆ ಆಂಪ್ಲಿಫೈಯರ್, ಎರಡು ಪೆಟ್ಟಿಗೆ ಬಂದವು. ಮನೆಯ ಅಂತಸ್ತಿಗೆ ಅವೂ ಒಂದು ಗುರುತಾದವು.

ಈ ಎರಡು ಪೆಟ್ಟಿಗೆಗಳಿಗೆ ಒಂದು ನಿಯಮವಿದೆ. ಎರಡರ ನಡುವೆ ಎಷ್ಟು ಅಂತರವೋ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಕೇಳುಗ ಕೂರಬೇಕು. ಪೆಟ್ಟಿಗೆಗಳು ಕೂತವನ ಕಿವಿಯ ಎತ್ತರಕ್ಕಿರಬೇಕು, ಮುಖ ಅವನ ಕಡೆಗಿರಬೇಕು. ಗೋಡೆಯ ಮೂಲೆಗೆ ಒತ್ತಿದರೆ ದಪ್ಪ ದನಿ ಉಬ್ಬಿ ಮಾತು ಮಸುಕಾಗುತ್ತದೆ. ಕಬ್ಬಿಣದ ಕಪಾಟಿನ ಮೇಲಿಟ್ಟರೆ ಕಪಾಟೂ ಜೊತೆಗೆ ನಡುಗುತ್ತದೆ. ನೆಲಕ್ಕೊಂದು ನವಲಗುಂದದ ಜಮಖಾನ, ಗೋಡೆಗೊಂದು ಕೌದಿ ಇದ್ದರೆ ಖಾಲಿ ಕೋಣೆಯ ಮಾರ್ದನಿ ಒಂದಿಷ್ಟು ತಗ್ಗುತ್ತದೆ. ಇನ್ನು ತಂತಿ. ಆಂಪ್ಲಿಫೈಯರಿನ ಕೆಂಪು ಕೊಂಡಿ ಪೆಟ್ಟಿಗೆಯ ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದರಲ್ಲಿ ಮಾತ್ರ ಅದಲುಬದಲಾದರೆ ಒಂದು ಪೊರೆ ಮುಂದೆ ಹೋಗುವಾಗ ಇನ್ನೊಂದು ಹಿಂದೆ ಸರಿಯುತ್ತದೆ. ದಪ್ಪ ದನಿ ಸಾಯುತ್ತದೆ. ನಡುವೆ ನಿಂತಂತೆ ಕೇಳಬೇಕಾದ ಗಾಯಕ ಎಲ್ಲಿಯೂ ನಿಲ್ಲದೆ ಚದುರಿಹೋಗುತ್ತಾನೆ. ಬಣ್ಣ ಅಳಿಸಿದ್ದರೆ ಮೊದಲು ಪೆಟ್ಟಿಗೆಯನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಒಂದೂವರೆ ವೋಲ್ಟಿನ ಸೆಲ್ಲನ್ನು ಅದರ ತಂತಿಗೆ ಕ್ಷಣಮಾತ್ರ ಮುಟ್ಟಿಸಿ ನೋಡಬಹುದು. ಪೊರೆ ಹೊರಗೆ ಚಿಮ್ಮಿದರೆ ಸೆಲ್ಲಿನ ಧನ ತುದಿಗೆ ತಾಗಿದ ತಂತಿಯೇ ಕೆಂಪು.

ಆದರೆ ನಮ್ಮ ಮನೆಗಳಲ್ಲಿ ನಡೆದದ್ದೇ ಬೇರೆ. ಒಂದು ಪೆಟ್ಟಿಗೆ ಪಡಸಾಲೆಗೆ, ಇನ್ನೊಂದು ಅಡುಗೆಮನೆಗೆ. ಉದ್ದನೆಯ ತಂತಿ ಬಾಗಿಲ ಚೌಕಟ್ಟಿನ ಮೇಲೆ ಹಾದು ಒಳಗೆ ಹೋಗುತ್ತಿತ್ತು. ರಾಮದುರ್ಗದಂಥ ನೇಕಾರರ ಊರಿನಲ್ಲಿ ಒಂದು ಪೆಟ್ಟಿಗೆ ಮಗ್ಗದ ಕೋಣೆಗೂ ಹೋದೀತು. ಇದನ್ನು ಕಂಡು ಬಲ್ಲವರು ನಕ್ಕದ್ದುಂಟು. ನಾವು ಇದನ್ನು ಅಜ್ಞಾನ ಎನ್ನಲಾರೆವು. ಮೈಕ್‌ಸೆಟ್ಟಿನ ಕಾಲದಿಂದ ಈ ಸೀಮೆಯ ಜನ ಕಲಿತದ್ದು ದನಿಯೆಂದರೆ ಎಲ್ಲರಿಗೂ ಮುಟ್ಟಬೇಕಾದದ್ದು ಎಂಬುದನ್ನು. ಹೊರಗಿನವರು ಬಂದಾಗ ಪಡಸಾಲೆಗೆ ಬರಲಾಗದ ಹೆಣ್ಣುಮಕ್ಕಳಿಗೆ, ಹಿಂದೂ ಮನೆಯಿರಲಿ ಮುಸ್ಲಿಮ್ ಮನೆಯಿರಲಿ, ಹಾಡಿನ ಪಾಲು ಸಿಗಲೆಂದು ಯಾರೋ ಒಬ್ಬರು ಆ ತಂತಿಯನ್ನು ಎಳೆದಿದ್ದಾರೆ. ಅದರಲ್ಲಿ ಮನೆಯವರ ಮೇಲಿನ ಕಾಳಜಿ ಇದೆ.

ದುಃಖದ ಸಂಗತಿಯೆಂದರೆ ಆ ಕಾಳಜಿ ಅವರಿಗೆ ಅರ್ಧ ಹಾಡನ್ನು ಮಾತ್ರ ಕೊಟ್ಟಿತು. ಸ್ಟೀರಿಯೊ ಧ್ವನಿಮುದ್ರಣದಲ್ಲಿ ಎರಡು ಪೆಟ್ಟಿಗೆಗೂ ಒಂದೇ ದನಿ ಹೋಗುವುದಿಲ್ಲ. ಗಾಯಕನ ಕಂಠ ಸಾಮಾನ್ಯವಾಗಿ ಎರಡರಲ್ಲಿಯೂ ಇರುತ್ತದೆ. ಆದರೆ ಕೊಳಲು ಎಡಕ್ಕಿದ್ದರೆ ಅದಕ್ಕೆ ಉತ್ತರ ಕೊಡುವ ವಯೋಲಿನ್ ಬಲಕ್ಕಿರಬಹುದು. ಕೆಲವು ಯುಗಳಗೀತೆಗಳಲ್ಲಿ ಎರಡು ಕಂಠಗಳನ್ನೂ ಎರಡು ಬದಿಗೆ ಸರಿಸಿರುತ್ತಾರೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳಿದವಳಿಗೆ ಪ್ರಶ್ನೆ ಕೇಳಿಸಿತು, ಉತ್ತರ ಗೋಡೆಯಾಚೆ ಉಳಿಯಿತು. ಪಡಸಾಲೆಯ ಗಂಡಸಿಗೂ ಸಿಕ್ಕದ್ದು ಅರ್ಧವೇ. ಆದರೆ ಎದ್ದು ಒಳಗೆ ಹೋಗಿ ಉಳಿದರ್ಧ ಕೇಳುವ ಸ್ವಾತಂತ್ರ್ಯ ಅವನಿಗಿತ್ತು. ಅರ್ಧ ಹಾಡನ್ನೇ ಪೂರ್ತಿ ಎಂದು ತಿಳಿದು ವರ್ಷಗಟ್ಟಲೆ ಗುನುಗಿದವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರು. ಹಳೆಯ ಗಂಗೂಬಾಯಿ ಅಥವಾ ಅಮೀರ್‌ಬಾಯಿ ಕರ್ನಾಟಕಿ ಹಾಡಿದಾಗ, 1961ರ ‘ಕಿತ್ತೂರು ಚೆನ್ನಮ್ಮ’ದ ಹಾಡು ಹಚ್ಚಿದಾಗ ಮಾತ್ರ ಅವರಿಗೆ ಮೋಸವಾಗಲಿಲ್ಲ. ಅವು ಮೊನೊ. ಯಾವ ಪೆಟ್ಟಿಗೆಯಲ್ಲಿ ಕೇಳಿದರೂ ಇಡಿಯಾಗಿಯೇ ಇರುತ್ತಿದ್ದವು.

ಪರಿಹಾರ ಇದ್ದದ್ದು ಯಂತ್ರದ ಮೈಮೇಲೆಯೇ. ಎಷ್ಟೋ ಆಂಪ್ಲಿಫೈಯರುಗಳಲ್ಲಿ ಮೊನೊ ಎಂಬ ಗುಂಡಿ ಇರುತ್ತಿತ್ತು. ಅದನ್ನು ಒತ್ತಿದರೆ ಎಡಬಲಗಳು ಕೂಡಿ ಎರಡು ಕೋಣೆಗೂ ಇಡೀ ಹಾಡು ಹೋಗುತ್ತಿತ್ತು. ಗುಂಡಿ ಇಲ್ಲವೆಂದು ಎಡಬಲದ ಸ್ಪೀಕರ್ ತಂತಿಗಳನ್ನೇ ಒಂದಕ್ಕೊಂದು ಹೆಣೆಯುವುದು ಮಾತ್ರ ಅಪಾಯ. ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಹಿತ್ತಲಿಗೂ ಒಂದಿರಲಿ ಎಂದು ಒಂದೇ ಕೊಂಡಿಗೆ ಎಂಟು ಓಮ್‌ನ ಎರಡು ಪೆಟ್ಟಿಗೆ ಅಕ್ಕಪಕ್ಕ ಜೋಡಿಸಿದರೆ ತಡೆ ನಾಲ್ಕು ಓಮಿಗೆ ಇಳಿದು ಯಂತ್ರದ ಮೇಲೆ ಭಾರ ಹೆಚ್ಚುತ್ತದೆ. ಮಾರುವವರು ಪೆಟ್ಟಿಗೆಯ ವ್ಯಾಟ್ ಎಷ್ಟೆಂದು ಹೇಳಿದರು, ಮೊನೊ ಗುಂಡಿ ಏಕಿದೆ ಎಂದು ಹೇಳಲಿಲ್ಲ. ಗೊತ್ತಿದ್ದವರೂ ಅದನ್ನು ಹಳೆಯ ಕಾಲದ್ದು, ಕೀಳು ದರ್ಜೆಯದು ಎಂದು ಬಿಟ್ಟರು. ಮನೆಯವರೆಲ್ಲ ಕೇಳಲಿ ಎಂಬ ಆಸೆಗೆ ಸರಿಹೊಂದುತ್ತಿದ್ದದ್ದು ಆ ಹಳೆಯದೇ.

ಕ್ಯಾಸೆಟ್ ರೂಪಿಸಿದವರಿಗೆ ಈ ಮರ್ಮ ತಿಳಿದಿತ್ತು. ಅವರು ಎಡಬಲದ ಪಟ್ಟಿಗಳನ್ನು ಟೇಪಿನಲ್ಲಿ ಪಕ್ಕಪಕ್ಕದಲ್ಲಿಯೇ ಇಟ್ಟರು. ಹೀಗಾಗಿ ಮೊನೊ ಟೇಪ್‌ರೆಕಾರ್ಡರಿನ ಅಗಲವಾದ ಹೆಡ್ಡು ಎರಡನ್ನೂ ಒಟ್ಟಿಗೆ ಓದುತ್ತದೆ. ಒಂದೇ ಸ್ಪೀಕರಿನ ಅಗ್ಗದ ಸೆಟ್ಟು ಇಟ್ಟುಕೊಂಡ ಮನೆಗೆ ಇಡೀ ಹಾಡು ಸಿಕ್ಕಿತು. ದುಬಾರಿ ಸ್ಟೀರಿಯೊ ತಂದು ಎರಡು ಕೋಣೆಗೆ ಹಂಚಿದ ಮನೆಗೆ ಅರ್ಧರ್ಧ.

ಇದು ಮುಗಿದ ಕಥೆಯಲ್ಲ. ಇಂದು ಇಬ್ಬರು ಗೆಳತಿಯರು ಬಸ್ಸಿನಲ್ಲಿ ಒಂದೇ ಜೊತೆ ಇಯರ್‌ಫೋನನ್ನು ಹಂಚಿಕೊಂಡಾಗ ಒಬ್ಬಳಿಗೆ ಎಡ, ಒಬ್ಬಳಿಗೆ ಬಲ. ಒಂದು ಕಿವಿ ಮಂದವಾದ ಹಿರಿಯರು ಇಯರ್‌ಫೋನ್ ಹಾಕಿಕೊಂಡರೂ ಅದೇ ಪಾಡು. ಸ್ಮಾರ್ಟ್‌ಫೋನಿನ ಸೆಟ್ಟಿಂಗಿನಲ್ಲಿ ಮೊನೊ ಆಡಿಯೊ ಎಂಬ ಆಯ್ಕೆ ಇರುತ್ತದೆ. ಅದನ್ನು ತೋರಿಸಿಕೊಡಲು ಒಂದು ನಿಮಿಷ ಸಾಕು.

ಈ ನಾಲ್ಕು ಊರುಗಳ ಕಪಾಟುಗಳಲ್ಲಿ ಇನ್ನೂ ಕ್ಯಾಸೆಟ್ಟುಗಳಿವೆ. ಕೆಲವು ಅಂಗಡಿಯಿಂದ ತಂದವು, ಕೆಲವು ಮನೆಯವರೇ ತುಂಬಿಕೊಂಡವು. ಮದುವೆಯ ಸೋಬಾನೆ, ಮೊಹರಂ ಪದ, ತೀರಿಹೋದ ಅಜ್ಜಿಯ ಮಾತು. ಟೇಪಿನ ಕಾಂತಕಣಗಳು ಶಾಶ್ವತವಲ್ಲ, ಬೂಷ್ಟು ಹಿಡಿದರೆ ಬೇಗ ಹಾಳಾಗುತ್ತವೆ. ಅವನ್ನು ಕಂಪ್ಯೂಟರಿಗೆ ಇಳಿಸುವವರು ಎಡಬಲ ಎರಡನ್ನೂ ಇಳಿಸಿಕೊಳ್ಳಬೇಕು. ಇಳಿಸಿದ ಮೇಲೆ ಮನೆಯವರನ್ನೆಲ್ಲ ಒಂದೇ ಕೋಣೆಗೆ ಕರೆದು, ಎರಡು ಪೆಟ್ಟಿಗೆಗಳನ್ನು ಎದುರಿಗಿಟ್ಟು ಹಚ್ಚಬೇಕು. ಅಡುಗೆಮನೆಯಲ್ಲಿ ಕೂತು ಕೇಳಿದವರಿಗೆ ಆ ಹಾಡಿನ ಉಳಿದರ್ಧ ಇನ್ನೂ ಬಾಕಿಯಿದೆ.