ಹಲ್ಲಿನ ಬೇರು ಮತ್ತು ಮಗುವಿನ ವಯಸ್ಸು: ಅತ್ತಿಬೆಲೆಯ ಹಿನ್ನೆಲೆಯಲ್ಲಿ ಒಂದು ಪರೀಕ್ಷೆಯ ಚರಿತ್ರೆ

ಆನೇಕಲ್ ತಾಲ್ಲೂಕಿನ ಅತ್ತಿಬೆಲೆ ಗಡಿಯ ಊರು. ಹೊಸೂರು ರಸ್ತೆಯಲ್ಲಿ ಇದನ್ನು ದಾಟಿದರೆ ತಮಿಳುನಾಡು. 2023ರ ಅಕ್ಟೋಬರ್ 7ರಂದು ಇಲ್ಲಿನ ಪಟಾಕಿ ಮಳಿಗೆ ಮತ್ತು ಗೋದಾಮಿಗೆ ಬೆಂಕಿ ಬಿದ್ದಾಗ ಅದೇ ದಿನ 14 ಮಂದಿ ಸತ್ತರು. ಮುಂದಿನ ದಿನಗಳಲ್ಲಿ ಸಾವಿನ ಸಂಖ್ಯೆ ಇನ್ನೂ ಏರಿತು. ಸತ್ತವರಲ್ಲಿ ಹೆಚ್ಚಿನವರು ಹಬ್ಬದ ಸೀಸನ್ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದ ಯುವಕರು. 2016ರ ತಿದ್ದುಪಡಿಯ ನಂತರ ನಮ್ಮ ಬಾಲಕಾರ್ಮಿಕ ಕಾಯ್ದೆ 14 ತುಂಬದವರನ್ನು ಯಾವ ಉದ್ಯೋಗಕ್ಕೂ, 18 ತುಂಬದವರನ್ನು ಗಣಿ, ಸ್ಫೋಟಕ ಮತ್ತು ಅಪಾಯಕಾರಿ ಪ್ರಕ್ರಿಯೆಗಳ ಕೆಲಸಕ್ಕೂ ಸೇರಿಸಿಕೊಳ್ಳುವಂತಿಲ್ಲ ಎನ್ನುತ್ತದೆ. ಹಾಗಾಗಿ ಪಟಾಕಿ ಗೋದಾಮು ಇರುವ, ನಾಲ್ಕು ದಿಕ್ಕಿನಿಂದ ಕೂಲಿಗೆ ಜನ ಬಂದು ಸೇರುವ ಇಂಥ ಊರಿನಲ್ಲಿ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಎದುರಿಸುವ ಮೊದಲ ಪ್ರಶ್ನೆಯೇ ವಯಸ್ಸು. ಜನನ ಪ್ರಮಾಣಪತ್ರವಿದ್ದರೆ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಇಲ್ಲದಿದ್ದರೆ ಮಗುವಿನ ದೇಹವೇ ದಾಖಲೆಯಾಗಬೇಕು. ಆ ದಾಖಲೆಯಲ್ಲಿ ಹಲ್ಲಿಗೆ ಸ್ಥಾನ ದೊರೆತದ್ದು ಹೇಗೆ, ಅದರ ಮಾತನ್ನು ಎಷ್ಟು ನಂಬಬಹುದು ಎಂಬುದೇ ಈ ಲೇಖನದ ವಿಷಯ.

ಹಲ್ಲು ನೋಡಿ ವಯಸ್ಸು ಹೇಳುವುದು ನಮ್ಮ ದನದ ಜಾತ್ರೆಗಳಿಗೆ ಹಳೆಯ ವಿದ್ಯೆ. ಹಾಲುಹಲ್ಲಿನ ಕರು, ಎರಡು ಹಲ್ಲಿನ ಹೋರಿ, ಬಾಯಿಗೂಡಿದ ಎತ್ತು ಎಂದು ರೈತ ವ್ಯವಹಾರ ಮಾಡುತ್ತಾನೆ. ಮನುಷ್ಯರ ಮಕ್ಕಳಿಗೆ ಈ ಪರೀಕ್ಷೆಯನ್ನು ವ್ಯವಸ್ಥಿತವಾಗಿ ತಂದದ್ದು ಕಾರ್ಖಾನೆ ಕಾನೂನು. ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿ, 13ರವರೆಗಿನವರ ಕೆಲಸದ ಗಂಟೆಗಳಿಗೆ ಮಿತಿ ಹಾಕಿತು. ಆದರೆ ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದೇ 1837ರ ಜುಲೈನಲ್ಲಿ. ತಂದೆತಾಯಿ ಬಡತನದಿಂದಲೂ ಮಾಲೀಕರು ಲಾಭಕ್ಕಾಗಿಯೂ ವಯಸ್ಸನ್ನು ಹೆಚ್ಚಿಸಿ ಹೇಳುತ್ತಿದ್ದರು. ಪರೀಕ್ಷಿಸುವ ವೈದ್ಯರು ಎತ್ತರ ನೋಡಿ ಅಂದಾಜು ಮಾಡುತ್ತಿದ್ದರು. ಹೊಟ್ಟೆಗಿಲ್ಲದೆ ಕುಳ್ಳಗೆ ಉಳಿದ ಮಗುವಿಗೂ ಚೆನ್ನಾಗಿ ಬೆಳೆದ ಮಗುವಿಗೂ ಒಂದೇ ಅಳತೆಗೋಲು! ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯ 1837ರಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿ ಪರೀಕ್ಷಿಸಿದ ಫಲಿತಾಂಶವನ್ನು ಪಾರ್ಲಿಮೆಂಟಿನ ಮುಂದಿಟ್ಟು, ಎತ್ತರಕ್ಕಿಂತ ಹಲ್ಲು ಹೆಚ್ಚು ನಂಬಲರ್ಹ ಎಂದು ವಾದಿಸಿದ. ಹಲ್ಲಿನಿಂದ ವಯಸ್ಸು ನಿರ್ಧರಿಸುವ ವಿಜ್ಞಾನ ಹುಟ್ಟಿದ್ದು ಕೊಲೆ ಮೊಕದ್ದಮೆಗಾಗಿ ಅಲ್ಲ, ದುಡಿಯುವ ಮಕ್ಕಳ ರಕ್ಷಣೆಗಾಗಿ ಎಂಬುದನ್ನು ನಮ್ಮ ವಿಧಿವಿಜ್ಞಾನದ ತರಗತಿಗಳಲ್ಲಿ ಇನ್ನೂ ಒತ್ತಿ ಹೇಳಬೇಕು.

ಭಾರತಕ್ಕೂ ಇದೇ ದಾರಿಯಲ್ಲಿ ಈ ಪ್ರಶ್ನೆ ಬಂತು. 1881ರ ಕಾರ್ಖಾನೆ ಕಾಯ್ದೆಯಲ್ಲಿ ಕನಿಷ್ಠ ವಯಸ್ಸು 7 ಇತ್ತು. 1891ರಲ್ಲಿ ಅದು 9, 1922ರಲ್ಲಿ 12, 1948ರಲ್ಲಿ 14 ಆಯಿತು. ಗೆರೆ ಮೇಲೇರಿದಂತೆ ಪರೀಕ್ಷೆ ಕಠಿಣವಾಯಿತು. ಆರರ ಸುಮಾರಿಗೆ ಮೊದಲ ಶಾಶ್ವತ ದವಡೆಹಲ್ಲು, ಹನ್ನೆರಡರ ಸುಮಾರಿಗೆ ಎರಡನೆಯದು ಮೂಡುತ್ತದೆ. ಅಷ್ಟನ್ನು ಬಾಯಿ ತೆರೆಸಿ ನೋಡಬಹುದು. ಹದಿನಾಲ್ಕಕ್ಕೆ ಹೊಸ ಹಲ್ಲೇನೂ ಹುಟ್ಟುವುದಿಲ್ಲ. ಸಾಲದ್ದಕ್ಕೆ, ಹಾಲುಹಲ್ಲು ಬೇಗ ಹುಳುಕಾಗಿ ಬಿದ್ದರೆ ಅಥವಾ ಒಸಡಿನಲ್ಲಿ ಜಾಗ ಸಾಲದಿದ್ದರೆ ಹಲ್ಲು ಮೂಡುವ ಕಾಲವೇ ಏರುಪೇರಾಗುತ್ತದೆ.

ಎಕ್ಸ್-ರೇ ಈ ತೊಡಕನ್ನು ಬಿಡಿಸಿತು. ಹಲ್ಲು ಒಸಡಿನ ಮೇಲೆ ಕಾಣುವ ಮುನ್ನ ವರ್ಷಗಟ್ಟಲೆ ದವಡೆಯೊಳಗೆ ಬೆಳೆಯುತ್ತಿರುತ್ತದೆ, ಕಂಡ ಮೇಲೂ ಅದರ ಬೇರು ಬೆಳೆಯುತ್ತಲೇ ಇರುತ್ತದೆ. ಮೊದಲು ತುದಿಯ ಚುಕ್ಕೆಗಳು ಗಟ್ಟಿಯಾಗುತ್ತವೆ, ಅವು ಕೂಡಿ ಹಲ್ಲಿನ ತಲೆಭಾಗವಾಗುತ್ತದೆ, ಆಮೇಲೆ ಬೇರು ಇಳಿಯುತ್ತದೆ, ಕೊನೆಗೆ ಬೇರಿನ ತುದಿಯ ಬಾಯಿ ಮುಚ್ಚುತ್ತದೆ. ಹುಳುಕು, ಅಪೌಷ್ಟಿಕತೆಗಳು ಹಲ್ಲು ಮೂಡುವ ಹೊತ್ತನ್ನು ಕದಡುವಷ್ಟು ಈ ಕ್ರಮವನ್ನು ಕದಡುವುದಿಲ್ಲ. ಶೌರ್ ಮತ್ತು ಮ್ಯಾಸ್ಲರ್ 1941ರಲ್ಲಿ ಇದನ್ನು ಚಿತ್ರಪಟವಾಗಿ ಕೊಟ್ಟರು. ನೋಲಾ 1960ರಲ್ಲಿ ಹತ್ತು ಹಂತಗಳಾಗಿ ವಿಂಗಡಿಸಿದರು. ಇಡೀ ದವಡೆಯನ್ನು ಒಂದೇ ಫಿಲ್ಮಿನಲ್ಲಿ ತೋರಿಸುವ ಓಪಿಜಿ ಯಂತ್ರ ಬಂದ ಮೇಲೆ ಕೆಲಸ ಸುಲಭವಾಯಿತು. 1973ರಲ್ಲಿ ಡೆಮಿರ್ಜಿಯನ್, ಗೋಲ್ಡ್‌ಸ್ಟೀನ್ ಮತ್ತು ಟ್ಯಾನರ್ ಪ್ರಕಟಿಸಿದ ವಿಧಾನ ಲೋಕವನ್ನೆಲ್ಲ ಹಬ್ಬಿತು. ಕೆಳದವಡೆಯ ಎಡಬದಿಯ ಏಳು ಹಲ್ಲುಗಳನ್ನು 'ಎ'ಯಿಂದ 'ಎಚ್'ವರೆಗಿನ ಎಂಟು ಹಂತಗಳಲ್ಲಿ ಗುರುತಿಸಿ, ಹಂತಕ್ಕಿಷ್ಟು ಎಂದು ಅಂಕ ಕೊಟ್ಟು, 100ರ ಮಟ್ಟಿಗೆ ಕೂಡಿ, ಆ ಮೊತ್ತವನ್ನು ಹುಡುಗ ಹುಡುಗಿಯರಿಗೆ ಬೇರೆಬೇರೆ ಕೋಷ್ಟಕದಲ್ಲಿ ವಯಸ್ಸಾಗಿ ಓದುವುದು ಅದರ ರೀತಿ. ಆದರೆ ಆ ಕೋಷ್ಟಕ ಹುಟ್ಟಿದ್ದು ಕೆನಡಾದ ಫ್ರೆಂಚ್ ಮೂಲದ ಮಕ್ಕಳ ದವಡೆಗಳಿಂದ.

ಅದು ನಮ್ಮ ಮಕ್ಕಳಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರಲ್ಲಿ ಕರ್ನಾಟಕದ ದಂತ ಕಾಲೇಜುಗಳು ಮುಂಚೂಣಿಯಲ್ಲಿವೆ. ಇದು ನಾವು ಹೆಮ್ಮೆಯಿಂದ ನೆನೆಯಬೇಕಾದ ಅಧ್ಯಾಯ. 1998ರಲ್ಲಿ ಮಣಿಪಾಲದ ಕೋಶಿ ಮತ್ತು ಟಂಡನ್ ದಕ್ಷಿಣ ಭಾರತದ ಮಕ್ಕಳನ್ನು ಪರೀಕ್ಷಿಸಿದರು. ಕೆನಡಾದ ಕೋಷ್ಟಕ ಹುಡುಗರ ವಯಸ್ಸನ್ನು ಸರಾಸರಿ 3.04 ವರ್ಷ, ಹುಡುಗಿಯರದನ್ನು 2.82 ವರ್ಷ ಹೆಚ್ಚಾಗಿ ತೋರಿಸಿತು. 2002ರಲ್ಲಿ ದಾವಣಗೆರೆಯ ಮಕ್ಕಳ ಮೇಲೆ ಪ್ರಭಾಕರ್ ಮತ್ತು ಸಂಗಡಿಗರು ಇದೇ ವಿಧಾನ ಬಳಸಿದಾಗ ಹೆಚ್ಚಳ ಹುಡುಗರಲ್ಲಿ 1.20, ಹುಡುಗಿಯರಲ್ಲಿ 0.90 ವರ್ಷ. ಅದೇ ವರ್ಷ ಬೆಳಗಾವಿಯ 6ರಿಂದ 13ರ ಮಕ್ಕಳ ಬಗ್ಗೆ ಹೆಗ್ಡೆ ಮತ್ತು ಸೂದ್ ಪ್ರಕಟಿಸಿದ ಅಧ್ಯಯನದಲ್ಲಿ ವ್ಯತ್ಯಾಸ ಕೆಲವು ವಾರಗಳನ್ನೂ ಮೀರಲಿಲ್ಲ: ಹುಡುಗರಲ್ಲಿ 0.14, ಹುಡುಗಿಯರಲ್ಲಿ 0.04 ವರ್ಷ.

ಒಂದೇ ರಾಜ್ಯ, ಒಂದೇ ಕೋಷ್ಟಕ, ಮೂರು ಉತ್ತರ. ಕರಾವಳಿಯ ಮಕ್ಕಳ ಹಲ್ಲು ಬೆಳಗಾವಿಯ ಮಕ್ಕಳಿಗಿಂತ ಮೂರು ವರ್ಷ ಮುಂದಿರುತ್ತದೆ ಎಂದು ಇದರಿಂದ ತೀರ್ಮಾನಿಸುವುದು ತಪ್ಪು. ಮಾದರಿಗಳು ಚಿಕ್ಕವು, ಪ್ರತಿ ವಯಸ್ಸಿಗೂ ದೊರೆತ ಮಕ್ಕಳು ಕೆಲವೇ ಮಂದಿ. ಬೇರಿನ ಹಂತವನ್ನು ಕಣ್ಣಳತೆಯಲ್ಲಿ ಗುರುತಿಸುವಾಗ ಒಬ್ಬರಿಂದ ಒಬ್ಬರಿಗೆ ಒಂದು ಹಂತದ ಅಂತರ ಬರುತ್ತದೆ. ಕೋಷ್ಟಕದ ಸ್ವಭಾವವೂ ಹಾಗಿದೆ: ಅಂಕ 100ನ್ನು ಸಮೀಪಿಸಿದಂತೆ ಅದರ ಏರಿಕೆ ನಿಧಾನವಾಗುತ್ತದೆ, ಎರಡನೇ ದವಡೆಹಲ್ಲಿನ ಒಂದು ಹಂತದ ವ್ಯತ್ಯಾಸ ವಯಸ್ಸಿನಲ್ಲಿ ವರ್ಷಕ್ಕೂ ಮಿಗಿಲಾದ ಜಿಗಿತವಾಗುತ್ತದೆ. ಬೆಳಗಾವಿಯ ಅಧ್ಯಯನ 13ಕ್ಕೇ ನಿಂತದ್ದರಿಂದ ಈ ಅಪಾಯದಿಂದ ಬಹುಪಾಲು ಪಾರಾಯಿತು ಎಂಬುದು ನನ್ನ ಅಭಿಪ್ರಾಯ. ಮೂರೂ ಕಡೆ ತಪ್ಪು ಒಂದೇ ದಿಕ್ಕಿಗೆ ವಾಲಿತು ಎಂಬುದನ್ನು ಮಾತ್ರ ಯಾರೂ ಮರೆಯಬಾರದು. ಮಗು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಣಿಪಾಲದ ಅಂತರವನ್ನು ಹಿಡಿದರೆ ಹನ್ನೊಂದರ ಹುಡುಗ ಹದಿನಾಲ್ಕರವನಾಗಿ ಕಾರ್ಖಾನೆಯ ಗೇಟು ದಾಟುತ್ತಾನೆ.

18ರ ಗೆರೆಯ ಕಷ್ಟ ಇನ್ನೂ ದೊಡ್ಡದು. ಹದಿನಾರರ ಹೊತ್ತಿಗೆ ಆ ಏಳು ಹಲ್ಲುಗಳ ಬೇರುಗಳು ಪೂರ್ತಿ ಬೆಳೆದು ಮಾತು ನಿಲ್ಲಿಸುತ್ತವೆ. ಉಳಿಯುವುದು ಬುದ್ಧಿಹಲ್ಲು, ಅಂದರೆ ಮೂರನೇ ದವಡೆಹಲ್ಲು. ಬಾಯಲ್ಲಿ ಅತ್ಯಂತ ಚಂಚಲವಾದದ್ದು ಅದೇ. ಕೆಲವರಿಗೆ ಅದು ಹುಟ್ಟುವುದೇ ಇಲ್ಲ. ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ಅಶಿತ್ ಆಚಾರ್ಯ ಬುದ್ಧಿಹಲ್ಲನ್ನೂ ಸೇರಿಸಿಕೊಂಡ ಎಂಟು ಹಲ್ಲಿನ ವಿಧಾನವನ್ನು 7ರಿಂದ 25 ವರ್ಷದ 547 ಭಾರತೀಯರ ಮೇಲೆ ಪರೀಕ್ಷಿಸಿ, ಭಾರತೀಯರಿಗೆಂದೇ ಸೂತ್ರಗಳನ್ನು 2011ರಲ್ಲಿ ಕೊಟ್ಟರು. ಇಟಲಿಯ ಕ್ಯಾಮೆರಿಯರೆ ಇನ್ನೂ ತೆರೆದಿರುವ ಬೇರಿನ ತುದಿಯ ಅಗಲವನ್ನು ಅಳೆದು ಲೆಕ್ಕ ಹಾಕುವ ಮಾರ್ಗ ತೋರಿಸಿದರು. ಕಣ್ಣಳತೆಯ ಬದಲು ಅಳತೆ ಬಂದದ್ದು ದೊಡ್ಡ ಮುನ್ನಡೆ.

ನ್ಯಾಯಾಲಯಗಳು ಈ ಅನಿಶ್ಚಿತತೆಯನ್ನು ಬಹಳ ಹಿಂದೆಯೇ ಗುರುತಿಸಿವೆ. 1982ರ ಜಯಮಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಕ್ಸ್-ರೇಯಿಂದ ತಿಳಿದ ವಯಸ್ಸಿನಲ್ಲಿ ಎರಡೂ ಕಡೆಗೆ ಎರಡು ವರ್ಷದ ವ್ಯತ್ಯಾಸ ಇರಬಹುದು ಎಂದಿತು. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಶಾಲೆಯ ಪ್ರಮಾಣಪತ್ರ, ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ ಅಥವಾ ಇತರ ಆಧುನಿಕ ವೈದ್ಯಕೀಯ ಪರೀಕ್ಷೆ ಎಂಬ ಕ್ರಮವನ್ನು ಇಟ್ಟಿದೆ. ಈ ಕ್ರಮ ಸರಿಯಾಗಿದೆ. ಚಿಕಿತ್ಸೆಯ ಅಗತ್ಯವಿಲ್ಲದ ಮಗುವಿಗೆ, ವಿಕಿರಣ ಎಷ್ಟೇ ಕಡಿಮೆಯಿದ್ದರೂ, ಕಾಗದ ಹುಡುಕುವ ಬೇಸರಕ್ಕೆ ಎಕ್ಸ್-ರೇ ಮಾಡಿಸಬಾರದು.

ಆನೇಕಲ್, ಹೊಸೂರು, ಧರ್ಮಪುರಿಯ ಮಕ್ಕಳಿಗೆ, ಬಿಹಾರ, ಒಡಿಶಾಗಳಿಂದ ಇಲ್ಲಿಗೆ ಬಂದು ನೆಲೆಸಿದವರ ಮಕ್ಕಳಿಗೆ ತಕ್ಕ ಕೋಷ್ಟಕವೊಂದು ಬೇಕು. ಅದಕ್ಕಾಗಿ ಹೊಸ ಎಕ್ಸ್-ರೇ ತೆಗೆಯಬೇಕಿಲ್ಲ. ಹಲ್ಲಿಗೆ ಕ್ಲಿಪ್ ಹಾಕಿಸಲು, ಹುಳುಕು ತೆಗೆಸಲು ಬಂದ ಮಕ್ಕಳ ಓಪಿಜಿಗಳು ಬೆಂಗಳೂರಿನ ದಂತ ಕಾಲೇಜುಗಳ ಕಂಪ್ಯೂಟರುಗಳಲ್ಲಿ ಇವೆ. ಹೆಸರು ಅಳಿಸಿ, ಜನ್ಮದಿನಾಂಕ ಉಳಿಸಿ, ಅವನ್ನು ಒಟ್ಟುಗೂಡಿಸುವ ಹೊಣೆಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹೊರಬೇಕು. ಅಲ್ಲಿಯವರೆಗೆ ವಯಸ್ಸಿನ ಪ್ರಮಾಣಪತ್ರಕ್ಕೆ ಸಹಿ ಹಾಕುವ ವೈದ್ಯರು ಒಂಟಿ ಸಂಖ್ಯೆಯ ಬದಲು ಕನಿಷ್ಠ-ಗರಿಷ್ಠ ಎರಡನ್ನೂ ಬರೆಯಲಿ, ಯಾವ ಕೋಷ್ಟಕ ಬಳಸಿದರೆಂದು ನಮೂದಿಸಲಿ; ಅನುಮಾನವಿದ್ದಲ್ಲಿ ಇಲಾಖೆ ಆ ಕನಿಷ್ಠವನ್ನೇ ಮಗುವಿನ ವಯಸ್ಸೆಂದು ಒಪ್ಪಿಕೊಳ್ಳಲಿ.